ಕಲಾಸಂಘಗಳ ಧನಸಂಕಟ

೨೦೨೦ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಮಹಾಮಾರಿಯ ನಿಮಿತ್ತ ರಂಗಮಂದಿರಗಳು ಮುಚ್ಚಲ್ಪಟ್ಟುವು. ಊರೂರಿನ ಕಲಾಸಂಘಗಳಿಗೆ ಟಿಕೇಟಿನ ಹಣ ನಿಂತಿತು. ಬಾಡಿಗೆ, ಸಂಬಳಗಳು ನಿಲ್ಲಲಿಲ್ಲ. ಉಳಿದ ಒಂದು ಆಸರೆ ದೊಡ್ಡ ಕಂಪೆನಿಗಳ ಹಣ. ಗೊತ್ತಾದ ಮಟ್ಟವನ್ನು ಮೀರಿದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ ೨ರಷ್ಟನ್ನು ಲೋಕಹಿತಕ್ಕೆ ವಿನಿಯೋಗಿಸತಕ್ಕದ್ದೆಂದು ೨೦೧೩ರ ಕಂಪೆನಿ ಕಾಯಿದೆ ವಿಧಿಸಿತು. ಕಲೆ, ಸಂಸ್ಕೃತಿಗಳೂ ಅದರ ಪಟ್ಟಿಯಲ್ಲಿವೆ. ಆದರೆ ಅದೇ ಮಾರ್ಚಿಯಲ್ಲಿ ರೋಗನಿವಾರಣೆಯ ವೆಚ್ಚವೂ, ಪ್ರಧಾನಮಂತ್ರಿಗಳ ಹೊಸ ನಿಧಿಗಿತ್ತ ಹಣವೂ ಇದೇ ಲೆಕ್ಕಕ್ಕೆ ಸಲ್ಲುವುವೆಂದು ಸರಕಾರವು ಸಾರಿತು. ಜೀವರಕ್ಷಣೆ ಮೊದಲೆಂಬುದನ್ನು ಯಾರೂ ಆಕ್ಷೇಪಿಸಲಾರರು. ಆದರೂ ಒಂದೇ ಬಾವಿಗೆ ಹಲವು ಹಗ್ಗಗಳಿಳಿದಾಗ ಚಿಕ್ಕ ಕೊಡಕ್ಕೆ ನೀರು ದೊರೆಯದು. ಮೇಲಾಗಿ, ಕಂಪೆನಿಗಳು ತಮ್ಮ ಕಾರ್ಯಕ್ಷೇತ್ರದ ಆಸುಪಾಸಿಗೆ ಪ್ರಾಶಸ್ತ್ಯವೀಯಬೇಕೆಂದು ಕಾಯಿದೆಯೇ ಹೇಳುತ್ತದೆ. ಕಾರ್ಖಾನೆಯಿಲ್ಲದ ತಾಲ್ಲೂಕಿನ ಸಂಘವು ಯಾರ ಬಾಗಿಲನ್ನು ತಟ್ಟಬೇಕು?

ಸಾಗರದ ಬಳಿಯ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯು ೧೯೮೫ರಲ್ಲಿ ‘ತಿರುಗಾಟ’ವನ್ನು ಆರಂಭಿಸಿ, ಆಯಾ ಊರಿನವರ ವ್ಯವಸ್ಥೆಯನ್ನೇ ನಂಬಿ ನಾಟಕಗಳನ್ನು ನಾಡಿನುದ್ದಕ್ಕೂ ಒಯ್ದಿತು. ಇದರಲ್ಲಿ ಪಾಠವುಂಟು. ಒಬ್ಬ ದಾತನ ಲಕ್ಷ ರೂಪಾಯಿ ಮರುವರ್ಷ ಬಾರದಿರಬಹುದು. ಸಾವಿರ ಮನೆಗಳ ನೂರು ನೂರು ರೂಪಾಯಿ ಒಮ್ಮೆಗೇ ನಿಲ್ಲಲಾರದು. ಆದುದರಿಂದ ಸಂಘಗಳು ತಮ್ಮ ಲೆಕ್ಕಪತ್ರಗಳನ್ನು ವರ್ಷವರ್ಷವೂ ಮಹಾಜನರ ಮುಂದಿಡಲಿ; ಪುರಸಭೆಗಳು ಸಭಾಭವನಗಳ ಬಾಡಿಗೆಯನ್ನು ತಗ್ಗಿಸಲಿ; ಮಹಾಜನರು ಉಚಿತ ಪಾಸುಗಳನ್ನು ಕೇಳುವುದನ್ನು ಬಿಟ್ಟು ಟಿಕೇಟು ಕೊಳ್ಳಲಿ. ಊರಿನ ಕಲೆಗೆ ಊರೇ ಮೊದಲ ಪೋಷಕ.