ಧುಮುಕುವ ನೀರಿಗೂ ಒಂದು ಪಾಲು ಇರಲಿ

ಮಲೆನಾಡಿನ ವೇದಿಕೆಗಳಲ್ಲಿ ಪದೇ ಪದೇ ಕೇಳಿಬರುವ ಮಾತೊಂದಿದೆ: ‘ಈ ಬೆಟ್ಟಗಳನ್ನು ಸ್ವಿಟ್ಜರ್‌ಲೆಂಡ್ ಮಾಡುತ್ತೇವೆ.’ ಈ ಮಾತಿನ ಅರ್ಥ ಸಾಮಾನ್ಯವಾಗಿ ರೋಪ್‌ವೇ, ಗಾಜಿನ ಸೇತುವೆ, ಅಗಲವಾದ ರಸ್ತೆ ಮತ್ತು ರೆಸಾರ್ಟು ಎಂದಷ್ಟೇ ಆಗಿರುತ್ತದೆ. ಆದರೆ ಆಲ್ಪ್ಸ್ ಪರ್ವತಗಳ ನಾಡುಗಳು ತಮ್ಮ ಜಲಪಾತಗಳನ್ನೂ ಕಂದರಗಳನ್ನೂ ಹೇಗೆ ತೋರಿಸುತ್ತವೆ, ಹೇಗೆ ಕಾಯುತ್ತವೆ, ಎಲ್ಲಿ ಎಡವಿವೆ ಎಂದು ವಿಚಾರಿಸಿದವರು ವಿರಳ. ನಕಲು ಮಾಡುವುದೇ ಆದರೆ ಯಾವುದನ್ನು ನಕಲು ಮಾಡಬೇಕೆಂಬ ವಿವೇಕವಾದರೂ ಇರಬೇಕಲ್ಲವೇ?

ಹಿಮನದಿ ಕೆತ್ತಿದ ಕಣಿವೆ

ಸ್ವಿಟ್ಜರ್‌ಲೆಂಡಿನ ಬರ್ನ್ ಪ್ರಾಂತ್ಯದ ಲೌಟರ್‌ಬ್ರುನೆನ್ ಕಣಿವೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಯೂಂಗ್‌ಫ್ರಾವ್ ಶಿಖರಕ್ಕೆ ಹೋಗುವ ಭಾರತೀಯ ಪ್ರವಾಸಿಗರಲ್ಲಿ ಅನೇಕರು ಹಾದುಹೋಗುವ ದಾರಿಯಿದು. ಹಿಮಯುಗದಲ್ಲಿ ಹಿಮನದಿಯು ಈ ಕಣಿವೆಯನ್ನು ತೊಟ್ಟಿಯಂತೆ ಅಗೆದು, ಎರಡೂ ಬದಿಗಳನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿತು. ಪಕ್ಕದ ಕಿರುಕಣಿವೆಗಳ ತೊರೆಗಳಿಗೆ ಕೆಳಗಿಳಿಯುವ ಇಳಿಜಾರೇ ಇಲ್ಲದೆ, ಅವು ಗೋಡೆಯ ಅಂಚಿನಿಂದ ಧುಮುಕಬೇಕಾಯಿತು. 297 ಮೀಟರ್ ಎತ್ತರದ ಸ್ಟೌಬ್‌ಬಾಖ್ ಜಲಪಾತದ ನೀರು ನೆಲ ಮುಟ್ಟುವ ಮೊದಲೇ ಗಾಳಿಗೆ ಸಿಕ್ಕಿ ಪುಡಿಯಾಗುತ್ತದೆ. ಆ ಹೆಸರಿನ ಅರ್ಥವೇ ಧೂಳಿನ ತೊರೆ. ಜರ್ಮನ್ ಕವಿ ಗಯಟೆ 1779ರಲ್ಲಿ ಇದನ್ನು ಕಂಡು ಕವಿತೆ ಬರೆದ ಮೇಲೆ ಯುರೋಪಿನ ಪ್ರವಾಸಿಗರ ದೃಷ್ಟಿ ಈ ಕಣಿವೆಯತ್ತ ಇನ್ನಷ್ಟು ಹರಿಯಿತು.

ಅದೇ ಕಣಿವೆಯ ಟ್ರುಮ್ಮೆಲ್‌ಬಾಖ್ ಬೆಟ್ಟದ ಹೊಟ್ಟೆಯೊಳಗೇ ಧುಮುಕುವ ಜಲಪಾತಗಳ ಸರಣಿ. ಐಗರ್, ಮ್ಯೋಂಖ್, ಯೂಂಗ್‌ಫ್ರಾವ್ ಶಿಖರಗಳ ಹಿಮನದಿಗಳು ಕರಗಿದ ನೀರೆಲ್ಲ ಬಂಡೆಯ ಸೀಳಿನ ಮೂಲಕ ಸುತ್ತಿ ಸುತ್ತಿ ಇಳಿಯುತ್ತದೆ. ಬೇಸಿಗೆಯ ಉಚ್ಛ್ರಾಯದಲ್ಲಿ ಸೆಕೆಂಡಿಗೆ 20,000 ಲೀಟರಿನವರೆಗೆ ನೀರು ಹರಿಯುತ್ತದೆ. ವರ್ಷಕ್ಕೆ ಸುಮಾರು 20,000 ಟನ್ ಕಲ್ಲು, ಮರಳು ಅದರೊಡನೆ ಸಾಗುತ್ತದೆ. 1913ರಲ್ಲೇ ಇಲ್ಲಿ ಸುರಂಗದೊಳಗೆ ಲಿಫ್ಟ್ ಅಳವಡಿಸಲಾಯಿತು. ಚಳಿಗಾಲದಲ್ಲಿ ಮೇಲಿನ ಹಿಮ ಕರಗುವುದು ನಿಂತೊಡನೆ ಈ ಅಬ್ಬರ ಸಣ್ಣ ಝರಿಯಾಗುತ್ತದೆ. ಮಲೆನಾಡಿನ ಅಬ್ಬಿಗೆ ಮಳೆಗಾಲ ಹೇಗೋ, ಆಲ್ಪ್ಸಿನ ಅಬ್ಬಿಗೆ ಬೇಸಿಗೆ ಹಾಗೆ.

ಕತೆಯಲ್ಲಿ ಉಳಿದ ನೀರು, ಕೊಳವೆಗೆ ಹೋದ ನೀರು

ಪಕ್ಕದ ಮೈರಿಂಗೆನ್ ಊರಿನ ಬಳಿ ಆರೆ ನದಿಯು ಸುಣ್ಣಕಲ್ಲಿನ ದಿಣ್ಣೆಯೊಂದನ್ನು ಕೊರೆದು 1.4 ಕಿ.ಮೀ. ಉದ್ದದ ಕಂದರವನ್ನು ನಿರ್ಮಿಸಿದೆ. ಆಳ 200 ಮೀಟರಿನವರೆಗೆ. ಅತಿ ಇಕ್ಕಟ್ಟಾದ ಕಡೆಯಲ್ಲಿ ಅಗಲ ಒಂದು ಮೀಟರ್ ಮಾತ್ರ. 1888ರಲ್ಲಿ ಬಂಡೆಗೆ ಕಾಲುದಾರಿ ಜೋಡಿಸಿ ಜನರಿಗೆ ತೆರೆಯಲಾಯಿತು. ಆದರೆ ನೋಡುಗರು ಮೆಚ್ಚುವ ಆ ನೀರು ಇಂದು ಸ್ವತಂತ್ರವಲ್ಲ; ಮೇಲಿನ ಗ್ರಿಮ್ಸೆಲ್ ಪ್ರದೇಶದ ವಿದ್ಯುತ್ ಅಣೆಕಟ್ಟುಗಳು ಅದರ ಹರಿವನ್ನು ನಿಯಂತ್ರಿಸುತ್ತವೆ.

ಅದೇ ಊರಿನ ರೈಖೆನ್‌ಬಾಖ್ ಜಲಪಾತದ ಅಂಚಿನಲ್ಲೇ ಆರ್ಥರ್ ಕಾನನ್ ಡಾಯ್ಲ್ 1893ರ ಕತೆಯೊಂದರಲ್ಲಿ ಷರ್ಲಾಕ್ ಹೋಮ್ಸ್‌ನ ಅಂತ್ಯವನ್ನು ಚಿತ್ರಿಸಿದ. ಆ ಕತೆಯ ಜಲಪಾತದಲ್ಲಿ ನೀರಿಗೆ ಕೊರತೆಯಿರಲಿಲ್ಲ. ಇಂದು ಅಲ್ಲಿನ ನೀರಿನ ಒಂದು ಪಾಲು ವಿದ್ಯುತ್ತಿಗಾಗಿ ಕೊಳವೆ ಸೇರುತ್ತದೆ. ಸ್ವಿಟ್ಜರ್‌ಲೆಂಡಿನ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬರುವುದು ನೀರಿನಿಂದಲೇ. ಅಂದರೆ ಆ ದೇಶವು ತನ್ನ ತೊರೆಗಳನ್ನು ಕಟ್ಟಿಹಾಕದೆ ಬಿಟ್ಟಿದೆಯೆಂಬ ಭ್ರಮೆ ಬೇಡ.

ಹೀಗೆ ಬರಿದಾದ ಹಳ್ಳಗಳನ್ನು ಕಂಡ ಜನರು ಕಾನೂನಿಗೆ ಒತ್ತಾಯಿಸಿದರು. 1991ರಲ್ಲಿ ರೂಪುಗೊಂಡ ಜಲಸಂರಕ್ಷಣಾ ಕಾಯ್ದೆಗೆ 1992ರ ಮೇ ತಿಂಗಳಿನ ಜನಮತಗಣನೆಯಲ್ಲಿ ಒಪ್ಪಿಗೆ ದೊರೆಯಿತು. ಅದರ ತಿರುಳು ಸರಳವಾದುದು. ವರ್ಷದ 347 ದಿನಗಳಲ್ಲಿ ತೊರೆಯೊಂದರಲ್ಲಿ ಕನಿಷ್ಠ ಎಷ್ಟು ನೀರಿರುತ್ತದೆಂದು ಹತ್ತು ವರ್ಷಗಳ ಸರಾಸರಿಯಿಂದ ಲೆಕ್ಕಹಾಕಲಾಗುತ್ತದೆ. ಆ ಪ್ರಮಾಣ ಸೆಕೆಂಡಿಗೆ 60 ಲೀಟರ್ ಇದ್ದರೆ 50 ಲೀಟರನ್ನು ತೊರೆಗೇ ಬಿಡಬೇಕು. 2,500 ಲೀಟರ್ ಇದ್ದರೆ 900 ಲೀಟರನ್ನು ಬಿಡಬೇಕು. ತೊರೆ ಚಿಕ್ಕದಾದಷ್ಟೂ ಅದಕ್ಕೆ ಉಳಿಯುವ ಪಾಲು ದೊಡ್ಡದು. ಹಳೆಯ ಪರವಾನಗಿಗಳು ನವೀಕರಣಕ್ಕೆ ಬರುವವರೆಗೆ ಈ ನಿಯಮ ಪೂರ್ಣವಾಗಿ ಅನ್ವಯಿಸುವುದಿಲ್ಲವೆಂಬ ಕೊರತೆ ಉಂಟು. ಆದರೂ ಹರಿಯುವ ನೀರು ‘ವ್ಯರ್ಥ’ವಲ್ಲ, ಅದಕ್ಕೂ ಹಕ್ಕಿದೆ ಎಂಬ ತತ್ತ್ವವನ್ನು ಅಂಕಿಗಳಲ್ಲಿ ಬರೆದುದು ದೊಡ್ಡ ಮಾತು.

ಆಸ್ಟ್ರಿಯಾದ ಕ್ರಿಮ್ಲ್ ಜಲಪಾತದ ಕತೆ ಇನ್ನೂ ಆಶಾದಾಯಕ. ಮೂರು ಹಂತಗಳಲ್ಲಿ 380 ಮೀಟರ್ ಇಳಿಯುವ ಈ ನೀರಿನ ಮೇಲೂ ವಿದ್ಯುತ್ ಯೋಜನೆಗಳ ಕಣ್ಣು ಬಿದ್ದಿತ್ತು. ನಿಸರ್ಗಪ್ರಿಯರು ವಿರೋಧಿಸಿದರು, ಜಲಪಾತ ಉಳಿಯಿತು. 1967ರಲ್ಲಿ ಯುರೋಪ್ ಮಂಡಳಿಯು ಅದಕ್ಕೆ ಸಂರಕ್ಷಿತ ತಾಣಗಳ ಡಿಪ್ಲೊಮಾ ನೀಡಿ ಗೌರವಿಸಿತು. ಜಲಪಾತದ ಪಕ್ಕದ ಕಾಲುದಾರಿಯನ್ನು ನೋಡಿಕೊಳ್ಳುವುದು ಆಲ್ಪೈನ್ ಸಂಘ. ಬಂದವರು ಶುಲ್ಕ ತೆತ್ತು, ನಡೆದೇ ಹತ್ತಬೇಕು. ಹಗಲು ಕರಗಿದ ಹಿಮದ ನೀರು ಇಲ್ಲಿಗೆ ತಲುಪಲು ಗಂಟೆಗಳೇ ಬೇಕಾದ್ದರಿಂದ ಬೇಸಿಗೆಯಲ್ಲಿ ರಾತ್ರಿಯ ಹೊತ್ತು ಹರಿವು ಹೆಚ್ಚು. ಜಲಪಾತವೆಂಬುದು ಚಿತ್ರಪಟವಲ್ಲ, ದೂರದ ಬೆಟ್ಟದ ನಾಡಿಮಿಡಿತ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕೆ?

ಮೇಲೆ ಮಳೆ, ಕೆಳಗೆ ಬಿಸಿಲು

1999ರ ಜುಲೈ 27ರಂದು ಇಂಟರ್‌ಲಾಕೆನ್ ಸಮೀಪದ ಸಾಕ್ಸೆಟ್‌ಬಾಖ್ ಕಂದರದಲ್ಲಿ ಸಾಹಸಕ್ರೀಡೆಗಾಗಿ ಇಳಿದಿದ್ದವರ ಮೇಲೆ ಒಮ್ಮೆಲೇ ನೆರೆ ನುಗ್ಗಿತು. ಮೇಲ್ಭಾಗದಲ್ಲಿ ಗುಡುಗುಮಳೆ ಸುರಿದಿತ್ತು. ಪ್ರವಾಸಿಗರೂ ಮಾರ್ಗದರ್ಶಕರೂ ಸೇರಿ 21 ಜನ ಸತ್ತರು. ಇಕ್ಕಟ್ಟಿನ ಕಂದರದಲ್ಲಿ ನೀರಿಗೆ ಹರಡಿಕೊಳ್ಳಲು ಜಾಗವಿಲ್ಲ. ಅದು ಮೇಲೇರುತ್ತದೆ, ಅಷ್ಟೇ ವೇಗವಾಗಿ ಓಡುತ್ತದೆ. ಅಪಾಯಕರ ಸಾಹಸಕ್ರೀಡೆಗಳನ್ನು ನಡೆಸುವವರು ಪರವಾನಗಿ ಪಡೆಯಬೇಕೆಂಬ ಕಾನೂನು ಆ ದೇಶದಲ್ಲಿ ಜಾರಿಗೆ ಬಂದದ್ದು 2014ರಲ್ಲಿ. ಎಚ್ಚೆತ್ತ ನಾಡಿಗೂ ನಿಯಮ ರೂಪಿಸಲು ಹದಿನೈದು ವರ್ಷಗಳು ಬೇಕಾದವು. ಮಳೆಗಾಲದಲ್ಲಿ ಜಾರುವ ಬಂಡೆಯ ಮೇಲೆ ಫೋಟೋಗಾಗಿ ನಿಂತು ಕೊಚ್ಚಿಹೋಗುವ ಯುವಕರ ಸುದ್ದಿಯನ್ನು ಮಲೆನಾಡೂ ಓದುತ್ತಿರುತ್ತದೆ. ಘಟ್ಟದ ನೆತ್ತಿಯ ಮೋಡವನ್ನು ನೋಡಿ ಹಳ್ಳಕ್ಕಿಳಿಯಬೇಕೆಂಬುದು ಊರಿನ ದನಗಾಹಿ ಹುಡುಗನಿಗೆ ಗೊತ್ತು. ನಗರದಿಂದ ಬಂದವನಿಗೆ ಅದನ್ನು ಹೇಳುವವರಿಲ್ಲ.

ಹುಲ್ಲಿನೊಳಗಿನ ಡಬ್ಬಿ

ಪ್ರವಾಸಿಗರು ಮೆಚ್ಚುವ ಆಲ್ಪ್ಸಿನ ಹಸಿರು ತಾನಾಗಿ ಬೆಳೆದುದಲ್ಲ. ಅದು ಕಡಿದಾದ ಇಳಿಜಾರಿನಲ್ಲಿ ರೈತರು ಹುಲ್ಲು ಕೊಯ್ದು, ಬೇಸಿಗೆಯಲ್ಲಿ ದನಗಳನ್ನು ಮೇಲಿನ ಹುಲ್ಲುಗಾವಲಿಗೆ ಅಟ್ಟಿ ಉಳಿಸಿಕೊಂಡ ಭೂದೃಶ್ಯ. ಕೊಯ್ಯುವುದನ್ನು ಬಿಟ್ಟರೆ ಪೊದೆ, ಕಾಡು ಆವರಿಸುತ್ತದೆ. ಆದ್ದರಿಂದಲೇ ಕಡಿದಾದ ಜಮೀನಿನ ಕೊಯ್ಲಿಗೂ ಬೇಸಿಗೆಯ ಮೇಯಿಸುವಿಕೆಗೂ ಅಲ್ಲಿನ ಸರ್ಕಾರ ರೈತರಿಗೆ ನೇರ ಹಣ ಕೊಡುತ್ತದೆ. ಪ್ರವಾಸಿ ಎಸೆದ ಅಲ್ಯೂಮಿನಿಯಂ ಡಬ್ಬಿ ಹುಲ್ಲು ಕೊಯ್ಯುವ ಯಂತ್ರಕ್ಕೆ ಸಿಕ್ಕಿ ಚೂರಾಗಿ, ಮೇವಿನೊಡನೆ ಹಸುವಿನ ಹೊಟ್ಟೆ ಸೇರುತ್ತದೆ. ಅಲ್ಲಿನ ರೈತರು ಹೊಲದ ಅಂಚಿನಲ್ಲಿ ಫಲಕ ನೆಟ್ಟು ಇದನ್ನೇ ತಿಳಿಹೇಳುತ್ತಾರೆ. ಬ್ಯಾಣದಲ್ಲಿ ಒಡೆದ ಬಾಟಲಿಯಿಂದ ದನದ ಗೊರಸು ಸೀಳಿದುದನ್ನು ಕಂಡ ಮಲೆನಾಡಿಗನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಆತಂಕವೂ ಇದೆ. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಸ್ ಹಿಮನದಿಗಳು ತಮ್ಮ ಗಾತ್ರದ ಸುಮಾರು ಶೇ. 10ರಷ್ಟನ್ನು ಕಳೆದುಕೊಂಡವು. 2025ರ ಮೇ 28ರಂದು ಬಂಡೆಗಳ ಭಾರಕ್ಕೆ ಬಿರ್ಖ್ ಹಿಮನದಿ ಕುಸಿದು ಬ್ಲಾಟನ್ ಎಂಬ ಹಳ್ಳಿಯ ಬಹುಭಾಗವನ್ನು ಹೂತುಹಾಕಿತು. ಮುನ್ಸೂಚನೆ ಗಮನಿಸಿ ಸುಮಾರು 300 ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಹಳ್ಳಿಗರ ಜೀವ ಉಳಿಯಿತು. ಹಿಮನದಿ ಕರಗುವಾಗ ಜಲಪಾತ ಕೆಲಕಾಲ ಮೈದುಂಬುತ್ತದೆ, ಅನಂತರ ಸೊರಗುತ್ತದೆ. ಇಂದಿನ ಭೋರ್ಗರೆತವನ್ನು ಸಮೃದ್ಧಿಯೆಂದು ತಿಳಿಯುವುದು, ಗಂಟು ಕರಗಿಸಿ ಉಣ್ಣುವವನು ಶ್ರೀಮಂತನೆಂದು ತಿಳಿದಂತೆ.

ನಮ್ಮ ಜೋಗ, ನಮ್ಮ ಅಬ್ಬಿಗಳು

ಮಲೆನಾಡಿಗೆ ಈ ಪಾಠಗಳಲ್ಲಿ ಹಲವು ಹೊಸವಲ್ಲ. 253 ಮೀಟರ್ ಎತ್ತರದ ಜೋಗದ ಶರಾವತಿಯನ್ನು 1948ರಲ್ಲೇ ವಿದ್ಯುತ್ತಿಗೆ ತಿರುಗಿಸಲಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಜೋಗದ ವೈಭವ ಬಹುಮಟ್ಟಿಗೆ ಮಳೆಗಾಲಕ್ಕೆ ಸೀಮಿತವಾಯಿತು. ನಾಡಿಗೆ ಬೆಳಕು ಬಂತು. ಮುಳುಗಡೆಯ ಕುಟುಂಬಗಳ ಕತ್ತಲೆಯೂ ಅದರ ಲೆಕ್ಕಕ್ಕೇ ಸೇರಬೇಕು. ಈಗ ನೀರಿಗೆ ಬದಲಾಗಿ ಕಾಂಕ್ರೀಟಿನಿಂದ ಜಲಪಾತವನ್ನು ಆಕರ್ಷಕಗೊಳಿಸಹೊರಟರೆ ಅದು ಕಣ್ಣಿಲ್ಲದವನಿಗೆ ಕನ್ನಡಿ ತೊಡಿಸಿದಂತೆ.

ಆಲ್ಪ್ಸಿನಿಂದ ತರಬೇಕಾದುದು ಲಿಫ್ಟನ್ನಲ್ಲ, ಲೆಕ್ಕವನ್ನು. ಮೊದಲನೆಯದಾಗಿ, ಪ್ರತಿ ಹೊಳೆಗೂ ಕನಿಷ್ಠ ಹರಿವು ನಿಗದಿಯಾಗಬೇಕು. 2018ರಲ್ಲಿ ಕೇಂದ್ರ ಸರ್ಕಾರ ಗಂಗೆಗೆ ಇಂಥದೊಂದು ಅಧಿಸೂಚನೆ ಹೊರಡಿಸಿತು. ಪಶ್ಚಿಮ ಘಟ್ಟದ ನದಿಗಳಿಗೂ ಅದೇ ನ್ಯಾಯ ಸಲ್ಲಲಿ. ಎರಡನೆಯದಾಗಿ, ಜಲಪಾತದ ಪ್ರವೇಶಶುಲ್ಕದಲ್ಲಿ ಕಾಲುದಾರಿ, ಕಾವಲು, ಕಸ ಮತ್ತು ಸುತ್ತಲಿನ ಊರಿಗೆ ಪಾಲಿರಲಿ. ಮೂರನೆಯದಾಗಿ, ಎಷ್ಟು ಜನ, ಯಾವ ಕಾಲದಲ್ಲಿ, ಎಲ್ಲಿಯವರೆಗೆ ಬರಬಹುದೆಂಬುದನ್ನು ಗ್ರಾಮಸಭೆಯಲ್ಲಿ ಊರಿನವರೇ ಚರ್ಚಿಸಿ ಹೇಳಲಿ.

ವಿದ್ಯಾರ್ಥಿಗಳು ಇಂದೇ ಆರಂಭಿಸಬಹುದಾದ ಕೆಲಸವೂ ಇದೆ. ಊರಿನ ಅಬ್ಬಿಯ ನೀರು ಒಂದು ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕೆಂದು ತಿಂಗಳಿಗೊಮ್ಮೆ ಅಳೆದು, ದಿನಾಂಕದೊಡನೆ ಪುಸ್ತಕದಲ್ಲಿ ಬರೆದಿಡಿ. ಮೇಲಿನ ಕಾಡಿನಲ್ಲಿ ರಸ್ತೆಯೋ ತೋಟವೋ ಬಂದರೆ ಅದನ್ನೂ ನಮೂದಿಸಿ. ಪಂಚಾಯಿತಿಯ ಜೀವವೈವಿಧ್ಯ ಸಮಿತಿಯ ದಾಖಲಾತಿಗೆ ಈ ಅಂಕಿಗಳು ಸೇರಲಿ. ಮುಂದೊಂದು ದಿನ ಯಾರಾದರೂ ನೀರನ್ನು ಕೊಳವೆಗೆ ತುಂಬಲು ನಕ್ಷೆ ಹಿಡಿದು ಬಂದಾಗ, ‘ಇಲ್ಲಿ ಹರಿಯುವುದು ಇಷ್ಟು, ಹೊಳೆಗೆ ಬಿಡಬೇಕಾದುದು ಇಷ್ಟು’ ಎಂದು ಹೇಳಲು ಊರಿನ ಕೈಯಲ್ಲಿ ಒಂದು ಪುಸ್ತಕವಾದರೂ ಇರುತ್ತದೆ.