ಜೀಬ್ರಾಗೆ ನೆಟ್‌ವರ್ಕ್ ಸಿಗಲ್ಲ

ಕಳೆದ ಸೆಮ್‌ನಲ್ಲಿ ನಮ್ಮ ಮಿನಿ ಪ್ರಾಜೆಕ್ಟ್ 'ಆನೆ ಬಂದರೆ ಅಲರ್ಟ್'. ಒಂದು ಕ್ಯಾಮೆರಾ, ಇಂಟರ್ನೆಟ್‌ನಿಂದ ಇಳಿಸಿಕೊಂಡ ಆನೆ ಫೋಟೋಗಳು, ಲ್ಯಾಬಿನ ವೈಫೈ. ಚೆನ್ನಾಗಿಯೇ ಓಡ್ತು. ವೈವಾದಲ್ಲಿ ಮೇಡಂ ಒಂದೇ ಪ್ರಶ್ನೆ ಕೇಳಿದ್ರು: "ಕಾಡಲ್ಲಿ ಇದಕ್ಕೆ ನೆಟ್‌ವರ್ಕ್ ಎಲ್ಲಿಂದ ತರ್ತೀರಪ್ಪ?" ನಾಲ್ಕೂ ಜನ ಮುಖ ಮುಖ ನೋಡಿಕೊಂಡೆವು. ಮಾರ್ಕ್ಸ್ ಏನೋ ಬಂತು.

ಉತ್ತರ ಹುಡುಕುವಾಗ ಸಿಕ್ಕಿದ್ದು ಜೀಬ್ರಾನೆಟ್. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಂಜಿನಿಯರ್‌ಗಳು, ಜೀವಶಾಸ್ತ್ರದವರು ಸೇರಿ ಕೀನ್ಯಾದ ಎಂಪಾಲಾ ಸಂಶೋಧನಾ ಕೇಂದ್ರದಲ್ಲಿ 2004ರ ಜನವರಿಯಲ್ಲಿ ಜೀಬ್ರಾಗಳ ಕುತ್ತಿಗೆಗೆ ಜಿಪಿಎಸ್ ಕಾಲರ್ ಕಟ್ಟಿದರು. ಮೊಬೈಲ್ ಟವರ್ ನಂಬೋ ಹಾಗಿಲ್ಲ, ಚಾರ್ಜಿಂಗ್‌ಗೆ ಬಿಸಿಲೇ ಗತಿ. ಅದಕ್ಕೆ ಎರಡು ಜೀಬ್ರಾ ಹತ್ತಿರ ಬಂದಾಗ ಕಾಲರ್‌ಗಳೇ ಡೇಟಾ ಹಂಚಿಕೊಳ್ಳುವ ಹಾಗೆ ಮಾಡಿದರು. ಸಂಶೋಧಕರಿಗೆ ಒಂದು ಜೀಬ್ರಾ ಸಿಕ್ಕರೂ ಅದು ಭೇಟಿಯಾದ ಬೇರೆಯವುಗಳ ಸುದ್ದಿಯೂ ಸಿಗಬೇಕು ಅನ್ನೋದು ಐಡಿಯಾ.

ನನಗೆ ಇಷ್ಟವಾದದ್ದು ಇನ್ನೊಂದು ವಿಷಯ. ಬಯಲಿನ ಸಾಮಾನ್ಯ ಜೀಬ್ರಾಗಳಲ್ಲಿ ಒಂದು ಗಂಡು, ಕೆಲವು ಹೆಣ್ಣು, ಮರಿಗಳು ಒಟ್ಟಿಗೇ ಇರುತ್ತವೆ. ಹಾಗಾಗಿ ಒಂದಕ್ಕೆ ಕಾಲರ್ ಕಟ್ಟಿದರೆ ಇಡೀ ಸಂಸಾರದ ದಾರಿ ತಿಳಿಯುತ್ತೆ. ಗ್ರೇವಿ ಜೀಬ್ರಾಗಳು ಹಾಗಲ್ಲ, ಇವತ್ತು ಇವರ ಜೊತೆ, ನಾಳೆ ಅವರ ಜೊತೆ. ಎಷ್ಟು ಕಾಲರ್ ಬೇಕು ಅನ್ನೋ ಎಂಜಿನಿಯರಿಂಗ್ ಲೆಕ್ಕ ಅಲ್ಲಿ ಹೋಗಿ ಕೂತು ನೋಡಿದವರಿಗೆ ಮಾತ್ರ ಗೊತ್ತಾಗೋದು.

(ಫೀಲ್ಡ್‌ವರ್ಕ್‌ಗೆ ಕನ್ನಡದಲ್ಲಿ ಕ್ಷೇತ್ರಕಾರ್ಯ ಅಂತಾರೆ. ಇಂಗ್ಲಿಷ್ ಮೀಡಿಯಂನ ನನಗೆ ಕ್ಷೇತ್ರ ಅಂದ್ರೆ ಧರ್ಮಸ್ಥಳವೇ ಕಣ್ಮುಂದೆ ಬರೋದು.)

"ಅದೆಲ್ಲ ಜುವಾಲಜಿಯವರ ಕೆಲಸ" ಅಂತ ಕ್ಲಾಸ್‌ಮೇಟ್‌ಗಳು ನಗ್ತಾರೆ. ಉಲ್ಲಾಸ ಕಾರಂತರು ಸುರತ್ಕಲ್‌ನಲ್ಲಿ ಓದಿದ್ದು ಮೆಕ್ಯಾನಿಕಲ್! ಆಮೇಲೆ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ಶಾಸ್ತ್ರ ಕಲಿತರು. ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು, ಮೈಮೇಲಿನ ಪಟ್ಟೆಗಳಿಂದ ಹುಲಿಗಳನ್ನು ಗುರುತಿಸಿ ಎಣಿಸಿದರು.

ಕೀನ್ಯಾಗೆ ಹೋಗೋ ಆಸೆ ನನಗೂ ಇದೆ. ಆದ್ರೆ ಟಿಕೆಟ್ ದರ ನೋಡಿ ಅಪ್ಪನ ಹತ್ತಿರ ಬಾಯಿ ಬಿಡಲಿಲ್ಲ. ದುಡ್ಡಿದ್ದವರಿಗೆ ಮಾತ್ರ ಕಾಡು ಅಂದ್ರೆ ಅದೂ ಸರಿಯಲ್ಲ. ನಾನು ಕೇಳೋದು ಇಷ್ಟೇ: ಪ್ರಾಣಿಗಳ ಮೇಲೆ ಪ್ರಾಜೆಕ್ಟ್ ಮಾಡೋ ಟೀಮ್ ಸರ್ಕ್ಯೂಟ್ ಕೈಗೆತ್ತಿಕೊಳ್ಳುವ ಮುಂಚೆ, ಆ ಪ್ರಾಣಿ ಓಡಾಡುವ ಊರಲ್ಲಿ ನಾಲ್ಕು ದಿನ ಇದ್ದು ಬರಲಿ. ಡಿಪಾರ್ಟ್‌ಮೆಂಟ್ ಅದಕ್ಕೂ ಮಾರ್ಕ್ಸ್ ಕೊಡಲಿ.

ಈ ರಜೆಯಲ್ಲಿ ನಾವು ಸಕಲೇಶಪುರದ ಕಡೆ ಇರೋ ಟೀಮ್‌ಮೇಟ್ ಮನೆಗೆ ಹೊರಟಿದ್ದೇವೆ. ಅವಳ ಅಜ್ಜ ಫೋನಲ್ಲೇ ಹೇಳಿದ್ರು: "ಬನ್ನಿ ಮಕ್ಳೇ. ಆನೆ ಬರೋದು ರಾತ್ರಿ, ಕರೆಂಟ್ ಸಂಜೆನೇ ಹೋಗುತ್ತೆ."