ವೇಷದ ಪೆಟ್ಟಿಗೆಗೆ ಬೀಗವೇಕೆ?

ಕಂಪ್ಯೂಟರಿನಲ್ಲಿ ಆಟ ಕಟ್ಟುವ ಹವ್ಯಾಸ ನಮ್ಮ ಪುತ್ತೂರು, ಸುಳ್ಯ, ಕಡಬಗಳ ಕೆಲವು ತರುಣರಿಗೂ ಹತ್ತಿದೆ. ಇದನ್ನು ಕೇಳಿದೊಡನೆ ಮೂಗು ಮುರಿಯುವ ಹಿರಿಯರಿದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ನನ್ನ ಮುಖ್ಯ ಜಗಳವಿರುವುದು ತರುಣರೊಡನೆಯೇ. ಅವರು ಸೊಗಸಾಗಿ ಪಾತ್ರಗಳ ಚಿತ್ರ ಬರೆಯುತ್ತಾರೆ, ನಾಲ್ಕು ಜನಕ್ಕೆ ತೋರಿಸಿ ಭೇಷ್ ಎನಿಸಿಕೊಳ್ಳುತ್ತಾರೆ, ಅನಂತರ ಪೆಟ್ಟಿಗೆಗೆ ಬೀಗ ಜಡಿದುಬಿಡುತ್ತಾರೆ.

ಸಂಗತಿಯ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಆಡುವವನು ತಾನೇ ಕಥೆಯೊಳಗಿನ ಒಬ್ಬನಾಗಿ ಊರೂರು ಅಲೆಯುವ ಒಂದು ಬಗೆಯ ಆಟವಿದೆ. ಅದರಲ್ಲಿ ತೆರೆಯ ಮೇಲೆ ಓಡಾಡುವ ಪಾತ್ರದ ಪುಟ್ಟ ಚಿತ್ರಕ್ಕೆ ಸ್ಪ್ರೈಟ್ ಎನ್ನುತ್ತಾರೆ. ಇಂಥ ಆಟಗಳನ್ನು ಕಟ್ಟಲೆಂದೇ ಆರ್‌ಪಿಜಿ ಮೇಕರ್ ಎಂಬ ಜಪಾನೀ ತಂತ್ರಾಂಶವಿದೆ. ಅದರ 2015ರ ಎಂವಿ ಆವೃತ್ತಿಯಲ್ಲಿ ಒಂದು ಚಿತ್ರದ ಅಳತೆ ಸಾಮಾನ್ಯವಾಗಿ ಉದ್ದಕ್ಕೆ 48 ಚುಕ್ಕಿ, ಅಡ್ಡಕ್ಕೆ 48 ಚುಕ್ಕಿ. ಪಾತ್ರ ನಡೆದಾಡಬೇಕಾದರೆ ದಿಕ್ಕಿಗೆ ಮೂರರಂತೆ ನಾಲ್ಕು ದಿಕ್ಕಿಗೂ ಸೇರಿ 12 ಚಿತ್ರ ಬೇಕು. ಮುಂಡಾಸಿನ ಒಂದು ಮಡಿಕೆ ತಿದ್ದಿದರೆ ಹನ್ನೆರಡರಲ್ಲೂ ತಿದ್ದಬೇಕು. ನಿದ್ದೆಗೆಡಿಸುವ ಕೆಲಸ. ಆದುದರಿಂದಲೇ ಲೋಕದ ಎಲ್ಲೆಡೆ ಹವ್ಯಾಸಿಗಳು ಒಬ್ಬರು ಬರೆದುದನ್ನು ಇನ್ನೊಬ್ಬರು ಪಡೆದು, ತಿದ್ದಿ, ಬಳಸಿ ಮುಂದುವರಿದಿದ್ದಾರೆ.

ನಮ್ಮಲ್ಲಿ ಏನಾಗುತ್ತಿದೆ ನೋಡಿ. ಸುಳ್ಯದ ಕಡೆಯ ಹುಡುಗನೊಬ್ಬ 1837ರ ಅಮರಸುಳ್ಯದ ದಂಗೆಯನ್ನು ಆಟವಾಗಿ ಕಟ್ಟಲು ಹೊರಟ. ಕೆದಂಬಾಡಿ ರಾಮಯ್ಯ ಗೌಡರ ದಂಡು ಮಂಗಳೂರಿಗೆ ನಡೆದು ಬಾವುಟಗುಡ್ಡದಲ್ಲಿ ಕುಂಪಣಿಯ ಬಾವುಟವನ್ನು ಇಳಿಸಿದ ಕಥೆ. ಗೌಡರ ಪ್ರತಿಮೆಯೂ 2022ರಲ್ಲಿ ಅದೇ ಗುಡ್ಡದಲ್ಲಿ ಎದ್ದುನಿಂತಿದೆ. ಆದರೆ ಹುಡುಗನಿಗೆ ಸಿದ್ಧವಾಗಿ ದೊರೆತ ಪಾತ್ರಗಳು ಯಾರು? ಉಕ್ಕಿನ ಕವಚದ ಐರೋಪ್ಯ ಭಟ, ಜಪಾನಿನ ಸಮುರಾಯ್, ಚೂಪುಗಿವಿಯ ಬಿಲ್ಗಾರ್ತಿ. ಮುಟ್ಟಾಳೆ ಇಟ್ಟ ಒಕ್ಕಲಿಗನಿಲ್ಲ. ಗೊರಬೆ ಹೊತ್ತು ನೇಜಿ ನೆಡುವ ಹೆಂಗಸಿಲ್ಲ. ಪುತ್ತೂರಿನ ಕಡೆಯ ಒಬ್ಬರಲ್ಲಿ ಮುಟ್ಟಾಳೆಯವನೂ ಇದ್ದ, ತೆಂಕುತಿಟ್ಟಿನ ಕಿರೀಟವೇಷವೂ ಇತ್ತು. ಕೇಳಿದ್ದಕ್ಕೆ ಬಂದ ಉತ್ತರ ಇದು: ನೋಡಬಹುದು, ಬಳಸಬಾರದು, ತಿದ್ದಬಾರದು, ಯಾರಿಗೂ ಕೊಡಬಾರದು. ಕಡೆಗೆ ಹುಡುಗನ ರಾಮಯ್ಯ ಗೌಡರು ಉಕ್ಕಿನ ಕವಚ ತೊಟ್ಟೇ ಮಂಗಳೂರಿನ ದಾರಿ ಹಿಡಿದರು!

ಇಂಥ ಉತ್ತರ ಕೊಡುವವರು ಒಂದು ರಾತ್ರಿ ಯಾವುದಾದರೂ ಮೇಳದ ಚೌಕಿಯಲ್ಲಿ ಕುಳಿತು ನೋಡಬೇಕು. ಅಲ್ಲಿ ಪೆಟ್ಟಿಗೆ ತೆರೆಯುತ್ತದೆ. ನಿನ್ನೆ ಕರ್ಣನ ತಲೆಯ ಮೇಲಿದ್ದ ಕಿರೀಟ ಇಂದು ಇಂದ್ರನ ತಲೆಗೆ ಏರುತ್ತದೆ. ಭುಜಕೀರ್ತಿ, ಎದೆಪದಕ, ವೀರಕಸೆ ಎಲ್ಲವೂ ಕೈಯಿಂದ ಕೈಗೆ ಹೋಗುತ್ತವೆ. ಬಣ್ಣದ ವೇಷದವನು ಅಕ್ಕಿಹಿಟ್ಟಿನ ಚಿಟ್ಟಿಯನ್ನು ಗಂಟೆಗಟ್ಟಲೆ ಕುಳಿತು ತನ್ನ ಮುಖದ ಮೇಲೆ ತಾನೇ ಇಡುತ್ತಾನೆ. ಆ ಮಾದರಿಯನ್ನು ಅವನು ಕಲಿತದ್ದು ಹಿಂದಿನ ವೇಷಧಾರಿಯ ಮುಖ ನೋಡಿ. ಬಿಡಿ ಭಾಗಗಳನ್ನು ಕೂಡಿಸಿ ಪಾತ್ರ ಕಟ್ಟುವ ಈ ವಿದ್ಯೆಯೇ ಸ್ಪ್ರೈಟಿನ ವಿದ್ಯೆಯೂ ಹೌದು: ಮೊದಲು ಬರಿಯ ಮೈ, ಅದರ ಮೇಲೆ ಉಡುಪು, ಅದರ ಮೇಲೆ ಶಿರೋಭೂಷಣ. ಹಂಚಿಕೆಯಿಂದಲೇ ಉಳಿದುಬಂದ ವೇಷವನ್ನು 48 ಚುಕ್ಕಿಗೆ ಇಳಿಸಿದವನು ‘ಇದು ನನ್ನದು, ಮುಟ್ಟಬೇಡಿ’ ಎನ್ನುವುದು ಯಾವ ನ್ಯಾಯ?

ದುಡಿಮೆ ತಮ್ಮದಲ್ಲವೇ ಎಂದು ಅವರು ಕೇಳುತ್ತಾರೆ. ನಿಜ, ಅದಕ್ಕೆ ನನ್ನ ಗೌರವವಿದೆ. ಆದರೆ ಅವರಲ್ಲಿ ಎಷ್ಟು ಮಂದಿ ಆ ಬರಿಯ ಮೈಯನ್ನು ತಾವೇ ಬರೆದರು? 2012ರಲ್ಲಿ ಕ್ರಿಯೇಟಿವ್ ಕಾಮನ್ಸ್, ಫ್ರೀ ಸಾಫ್ಟ್‌ವೇರ್ ಫೌಂಡೇಶನ್, ಓಪನ್‌ಗೇಮ್‌ಆರ್ಟ್ ಸಂಸ್ಥೆಗಳು ಕೂಡಿ ಲಿಬರೇಟೆಡ್ ಪಿಕ್ಸೆಲ್ ಕಪ್ ಎಂಬ ಸ್ಪರ್ಧೆ ನಡೆಸಿದವು. ಎಲ್ಲರೂ ಒಂದೇ ಅಳತೆ, ಒಂದೇ ಶೈಲಿ ಹಿಡಿದು ಬರೆಯಬೇಕು. ಬರೆದುದು ಎಲ್ಲರಿಗೂ ಮುಕ್ತವಾಗಿರಬೇಕು. ಒಬ್ಬರು ಮೈ ಬರೆದರು, ಮತ್ತೊಬ್ಬರು ಕೂದಲು, ಮಗುದೊಬ್ಬರು ಅಂಗಿ. ಷರತ್ತು ಸರಳ: ಬಳಸಿ, ತಿದ್ದಿ, ಬೇಕಾದರೆ ಮಾರಿ, ಆದರೆ ಬರೆದವರ ಹೆಸರು ಹೇಳಿ, ತಿದ್ದಿದ್ದನ್ನು ಹಂಚುವಾಗ ಅದೇ ಷರತ್ತಿನ ಮೇಲೆ ಹಂಚಿ. ಹೀಗೆ ಒಂದು ಗೊಂಬೆಗೆ ಐದಾರು ಜನರ ಹೆಸರು ಅಂಟಿಕೊಳ್ಳುವುದುಂಟು. ಆಟದ ಕರಪತ್ರದಲ್ಲಿ ಹಿಮ್ಮೇಳ ಮುಮ್ಮೇಳದವರ ಹೆಸರುಗಳನ್ನು ಸಾಲಾಗಿ ಓದಿ ಬೆಳೆದ ನಮಗೆ ಇದೇನು ಹೊಸ ಪದ್ಧತಿಯೇ?

ಏನನ್ನೂ ಹೇಳದೆ ಚಿತ್ರವನ್ನು ಸುಮ್ಮನೆ ಹರಿಯಬಿಡುವವರೂ ಇದ್ದಾರೆ. ತಾವು ಉದಾರಿಗಳೆಂದು ಅವರ ನಂಬಿಕೆ. 1957ರ ನಮ್ಮ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರದ ಹಕ್ಕು ಬರೆದವನ ಆಯುಷ್ಯವಿಡೀ, ಆಮೇಲೆ ಮತ್ತೆ 60 ವರ್ಷ ಇರುತ್ತದೆ. ಅದಕ್ಕೆ ದಾಖಲೆ ಮಾಡಿಸಬೇಕೆಂದೂ ಇಲ್ಲ. ಹದಿನೇಳರ ಹುಡುಗ ಇಂದು ಬರೆದ ಮುಟ್ಟಾಳೆ, ಅವನು ಒಂದು ಸಾಲು ಅನುಮತಿ ಬರೆದಿಡದಿದ್ದರೆ, ನೂರು ವರ್ಷವಾದರೂ ಕಟ್ಟಿನಲ್ಲೇ ಇದ್ದೀತು. ಮೌನ ಇಲ್ಲಿ ಸಮ್ಮತಿಯ ಲಕ್ಷಣವಲ್ಲ. ಇನ್ನು ತಂತ್ರಾಂಶದ ಜೊತೆಗೆ ಬಂದ ಚಿತ್ರದ ಮೇಲೆಯೇ ಮುಂಡಾಸು ಸುತ್ತಿ ಹಂಚುವವರು ಕಂಪೆನಿಯ ಷರತ್ತನ್ನು ಮೊದಲು ಓದಿಕೊಳ್ಳುವುದು ಲೇಸು.

ಈಗ ಹಿರಿಯರ ಸರದಿ. ಯಕ್ಷಗಾನವನ್ನು ಆಟಿಕೆ ಮಾಡಿದರೆ ಅಪಚಾರವೆಂದು ಅವರ ಕೂಗು. ಕಾಸರಗೋಡಿನ ಬೊಂಬೆಯಾಟದವರು ಇದೇ ತೆಂಕುತಿಟ್ಟಿನ ವೇಷಗಳನ್ನು ಪುಟ್ಟ ಬೊಂಬೆಗಳಿಗೆ ತೊಡಿಸಿ ಕುಣಿಸಿದಾಗ ಮೆಚ್ಚಿ ಚಪ್ಪಾಳೆ ತಟ್ಟಿದವರು ನಾವೇ. ಪುತ್ತೂರಿನಲ್ಲಿ ಬಹುಕಾಲ ಬಾಳಿದ ಶಿವರಾಮ ಕಾರಂತರನ್ನೂ ನೆನೆಯಲಿ. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕಾಗಿ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರೇ ತಮ್ಮ ಪ್ರಯೋಗಗಳಲ್ಲಿ ವಯೊಲಿನ್, ಸ್ಯಾಕ್ಸೊಫೋನ್‌ಗಳನ್ನು ತಂದರು. ಮೊದಲು ಆಳವಾಗಿ ಅಭ್ಯಾಸ ಮಾಡಿ ಆಮೇಲೆ ಬದಲಾಯಿಸಿದರು ಎಂಬುದನ್ನು ತರುಣರೂ ಗಮನಿಸಬೇಕು. ಕೇಸರಿತಟ್ಟಿಗೂ ರಾಜವೇಷದ ಕಿರೀಟಕ್ಕೂ ವ್ಯತ್ಯಾಸ ತಿಳಿಯದೆ ಚುಕ್ಕಿ ತುಂಬುವುದು ಬೇಡ. ದೈವದ ಮಾತು ಮಾತ್ರ ಬೇರೆ. ಅದು ಆಟವಲ್ಲ, ನೇಮ. ಅಣಿ ಕಟ್ಟಿದ ರೂಪವನ್ನು ಗುಂಡಿ ಒತ್ತಿ ಓಡಿಸುವ ಪಾತ್ರವಾಗಿಸಬಾರದೆಂಬವರ ಪಕ್ಷವೇ ನನ್ನದು.

ಹೆಸರು ಅಳಿಸಿ ಕದಿಯುವವರು ಇಲ್ಲವೇ ಎಂದರೆ, ಇದ್ದಾರೆ. ಅಂಥವರನ್ನು ಹೆಸರು ಹಿಡಿದು ಕೇಳಬೇಕು. ಕಳ್ಳನಿಗೆ ಹೆದರಿ ಸುಳ್ಯದ ಹುಡುಗನನ್ನು ಬರಿಗೈಯಲ್ಲಿ ಕಳಿಸಿದರೆ ಕಳ್ಳನಿಗೇನು ನಷ್ಟ?

ನಾನೂ ಕಷ್ಟಪಟ್ಟು ಒಂದು ಮುಟ್ಟಾಳೆಯವನನ್ನು ಬರೆದಿದ್ದೇನೆ. 12 ಚಿತ್ರ, ಹೆಗಲ ಮೇಲೆ ಕತ್ತಿ. ಹಿಂದಿರುಗಿ ನಡೆವಾಗ ಅವನ ಎಡಗಾಲು ಕೊಂಚ ಕುಂಟುತ್ತದೆ. ಕೈ ಪಳಗಿದವರು ತಿದ್ದಿಕೊಳ್ಳಲಿ. ಅವನನ್ನು ಮೇಲೆ ಹೇಳಿದ ಷರತ್ತಿನ ಮೇಲೆಯೇ ಹುಡುಗನಿಗೆ ಕೊಟ್ಟಿದ್ದೇನೆ, ಕೇಳಿದ ಬೇರೆಯವರಿಗೂ ಕೊಡುತ್ತೇನೆ. ಹೆಸರು ಬಿಟ್ಟರೆ ಮಾತ್ರ ಜಗಳಕ್ಕೆ ಬರುತ್ತೇನೆ.